ಪೂಜೆಗಿಟ್ಟ ಹಾಳೆ

ವರ್ಷದಲ್ಲಿ ಮೂರು ದಿನ ಅಂಚೆಯಲ್ಲಿ ಬಂದ ಕಾಗದಗಳನ್ನು ನಾನು ಬೆರಳು ತೂರಿಸಿ ಹರಿದೇ ತೆಗೆಯಬೇಕು. ಉಳಿದ ದಿನಗಳಲ್ಲಿ ಆ ಕೆಲಸಕ್ಕೆ ನನ್ನ ಮೇಜಿನ ಮೇಲೆ ಒಂದು ಎಲುಬಿನ ಪಟ್ಟಿ ಇರುತ್ತದೆ. ಗೇಣುದ್ದ, ಎರಡು ಬೆರಳಗಲ, ತುದಿ ಮೊಂಡು. ಬಳಸಿ ಬಳಸಿ ಮುದುಕರ ಹಲ್ಲಿನ ಬಣ್ಣಕ್ಕೆ ತಿರುಗಿದೆ. ಸರಸ್ವತಿ ಪೂಜೆಯ ಬೆಳಿಗ್ಗೆ ನನ್ನ ಹೆಂಡತಿ ಕಮಲ ಅದನ್ನು ನನ್ನನ್ನು ಕೇಳದೆ ಎತ್ತಿಕೊಂಡು ಹೋಗಿ, ದೇವರ ಮನೆಯ ಪುಸ್ತಕಗಳ ಮೇಲಿಟ್ಟು, ಕುಂಕುಮದ ಬೊಟ್ಟು ಹಚ್ಚಿಬಿಡುತ್ತಾಳೆ. ಇನ್ನು ವಿಜಯದಶಮಿಯವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಮಾಂಸದಂಗಡಿ ಇದೆಯೆಂದು ಒಂದು ಬೀದಿಯನ್ನೇ ಸುತ್ತಿ ಹಾಕಿಕೊಂಡು ಹೋಗುವ ಹೆಂಗಸು ಎಲುಬಿಗೆ ಮಂಗಳಾರತಿ ಎತ್ತುವುದನ್ನು ಕಂಡು ಯಾರಾದರೂ ಹುಬ್ಬೇರಿಸಿದರೆ, "ಅದು ಕುವೈತಿಂದು" ಎಂದಷ್ಟೇ ಹೇಳುತ್ತಾಳೆ. ಕುವೈತ್ ಎಂದ ಕೂಡಲೇ ನಮ್ಮವರು ಚಿನ್ನದ ಮಾತಿಗೆ ಹೊರಳುತ್ತಾರೆ. ಎಲುಬಿನ ವಿಚಾರ ಅಲ್ಲಿಗೇ ನಿಲ್ಲುತ್ತದೆ.

ನಿಮಗೆ ಮಾತ್ರ ಪೂರ್ತಿ ಹೇಳುತ್ತೇನೆ, ಆದರೆ ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ. ಹೊಟ್ಟೆಪಾಡಿಗೆ ಮೂವತ್ತು ವರ್ಷ ನೇರ ಗೆರೆ ಎಳೆದು ಸಾಕಾಗಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕುವೈತಿನ ಅಹ್ಮದಿಯಲ್ಲಿ ಎಣ್ಣೆ ಕಂಪನಿಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ನನಗೆ ಕೆಲಸ. ಊರಿಗೆ ಬರೆದ ಕಾಗದದಲ್ಲಿ 'ಎಂಜಿನಿಯರಿಂಗ್ ವಿಭಾಗ' ಎಂದು ಬರೆದಿದ್ದೆ. ಅದನ್ನು ಓದಿ ನಂಜನಗೂಡಿನಲ್ಲಿ ಮಾವನವರು ಅಳಿಯ ಎಂಜಿನಿಯರ್ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ನಿಜಕ್ಕೆ ನಾನು ಡ್ರಾಫ್ಟ್ಸ್‌ಮನ್. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿ ಕೊಟ್ಟದ್ದನ್ನು ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ನೆಟ್ಟಗೆ ಮಾಡುವವನು. ಅವರು ವಾಲ್ವನ್ನು ತಪ್ಪು ಕಡೆ ಹಾಕಿದ್ದರೆ ಸದ್ದಿಲ್ಲದೆ ಸರಿಪಡಿಸುವುದೂ ನನ್ನ ಕೆಲಸದಲ್ಲೇ ಸೇರಿತ್ತು. ಈ ತಿದ್ದುವ ಚಾಳಿ ಮನೆಗೂ ಬಂದು, ರಂಗೋಲಿಯ ಚುಕ್ಕಿಗಳ ನಡುವಿನ ಅಂತರ ಸಮನಾಗಿಲ್ಲ ಎಂದು ಹೇಳಿ ಕಮಲನಿಂದ ಬೈಸಿಕೊಂಡಿದ್ದೇನೆ.

ನಮ್ಮ ಕಾರಿಡಾರಿನ ತುದಿಯಲ್ಲಿ ಅಂಟಿನ ವಾಸನೆಯ ಒಂದು ಕೋಣೆ. ನಕ್ಷೆಗಳನ್ನೂ ದಪ್ಪದಪ್ಪ ಮ್ಯಾನ್ಯುಯಲ್‌ಗಳನ್ನೂ ಅಲ್ಲಿ ಬೈಂಡ್ ಮಾಡುತ್ತಿದ್ದರು. ಮಾಡುತ್ತಿದ್ದರು ಎಂದರೆ ಒಬ್ಬರೇ, ಅಬು ಇಲ್ಯಾಸ್. ಇರಾಕಿನ ಉತ್ತರದ ಕಡೆಯ ಕ್ರೈಸ್ತರು, ನಿವೃತ್ತಿಯ ಅಂಚಿನಲ್ಲಿದ್ದವರು. ಇಲ್ಯಾಸ್ ಅವರ ಮಗ. ಅಲ್ಲಿನವರಲ್ಲಿ ಅಪ್ಪನನ್ನು ಹಿರಿಯ ಮಗನ ಹೆಸರಿನಿಂದ ಕರೆಯುತ್ತಾರೆ. ಅವರ ಮಾತು ಅರಬ್ಬಿ, ಇಂಗ್ಲಿಷು ಮತ್ತು ಪ್ರಿಂಟ್ ರೂಮಿನ ಪಾಕಿಸ್ತಾನಿಗಳಿಂದ ಕಲಿತ ಉರ್ದುವಿನ ಚಿತ್ರಾನ್ನ. ನಾನದನ್ನು ಕನ್ನಡ ಮಾಡಿಯೇ ಹೇಳುತ್ತೇನೆ. ನನ್ನನ್ನು ಅವರು 'ಮುಹಂದಿಸ್' ಅನ್ನುತ್ತಿದ್ದರು, ಹಾಗೆಂದರೆ ಎಂಜಿನಿಯರ್. ಅಲ್ಲ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲಕ್ಕೆ ಮಾವನವರ ನೆನಪಾಗಿ ಸುಮ್ಮನಾದೆ.

ಒಂದು ಮಧ್ಯಾಹ್ನ ಪೈಪಿನ ನಕ್ಷೆಗಳನ್ನು ಬೈಂಡಿಂಗಿಗೆ ಕೊಡಲು ಹೋದಾಗ, ಊಟದ ಬಿಡುವಿನಲ್ಲಿ ಅವರು ಇನ್ನೇನೋ ಮಾಡುತ್ತಿದ್ದರು. ಮುಂದೆ ಹೊಲಿಗೆ ಬಿಚ್ಚಿದ ಒಂದು ಪುರಾತನ ಪುಸ್ತಕ. ಹಾಳೆಗಳು ದಪ್ಪ, ಬೆಣ್ಣೆ ಕಾಸಿದ ಬಣ್ಣ, ನನಗೆ ತಲೆಬುಡ ತಿಳಿಯದ ಲಿಪಿ. ಸುತ್ತ ಕೆಂಪು ಮತ್ತು ಹಸಿರಿನಲ್ಲಿ ಹೆಣೆದ ಹಗ್ಗದ ಹಾಗಿರುವ ಅಂಚು. ಅಕ್ಷರ ಬಾರದವನಿಗೆ ಗೆರೆಯೇ ಗತಿ, ನಾನು ಅಂಚನ್ನೇ ನೋಡುತ್ತ ನಿಂತೆ. ನೋಡುತ್ತ ನೋಡುತ್ತ ಬಾಯಿ ತಡೆಯಲಿಲ್ಲ. "ಇಲ್ಲಿ ತಪ್ಪಿದೆ. ಈ ಎಳೆ ಕೆಳಗೆ ಹೋಗಬೇಕಿತ್ತು, ಮೇಲೆ ಹೋಗಿದೆ."

ಅಬು ಇಲ್ಯಾಸ್ ಸೂಜಿ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇದನ್ನು ನಾನು ಹುಡುಗನಾಗಿದ್ದಾಗ ಅಪ್ಪ ತೋರಿಸಿದ್ದರು. ಅವರಿಗೆ ಅವರ ಅಪ್ಪ. ತಾನಾಗಿಯೇ ಕಂಡುಹಿಡಿದವನು ನೀನೊಬ್ಬ." ಖರ್ಜೂರದ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಅಲ್ಲಿಂದ ನಮ್ಮ ಸ್ನೇಹ.

ಅವರ ಊರಿನಲ್ಲಿ ಬಹಳ ಹಳೆಯ ಕೆಥೆಡ್ರಲ್ ಇದೆ. ಅದರ ಒಂದು ಬದಿಯಲ್ಲಿ, ಒಬ್ಬರೇ ಹತ್ತಬಹುದಾದ ಇಕ್ಕಟ್ಟಿನ ಮೆಟ್ಟಿಲ ಮೇಲೆ ಪುಸ್ತಕದ ಕೋಣೆ. ಅಲ್ಲಿಗೆ ದೀಪ ಒಯ್ಯುವ ಹಾಗಿಲ್ಲ, ಬೆಳಕು ಇರುವಷ್ಟು ಹೊತ್ತೇ ಓದು. ಬೀಗದಕೈ ಮೊಳದುದ್ದ. ಪುಸ್ತಕಗಳನ್ನು ಹೊಲಿದು, ಹೊದಿಸಿ, ಹುಳ ಹಿಡಿಯದಂತೆ ನೋಡಿಕೊಳ್ಳುವುದು ತಲೆಮಾರುಗಳಿಂದ ಅಬು ಇಲ್ಯಾಸರ ಮನೆಯವರ ಕೆಲಸ. ಊರಿಗೆ ದಂಡು ಬರುತ್ತದೆ ಎಂಬ ಸುದ್ದಿ ಬಂದಾಗಲೆಲ್ಲ ಪುಸ್ತಕಗಳನ್ನು ಗೋಡೆಯೊಳಗಿಟ್ಟು ಕಲ್ಲು ಕಟ್ಟಿಬಿಡುತ್ತಿದ್ದರಂತೆ. ಅವರ ಮುತ್ತಜ್ಜ ಹಾಗೆ ಕಟ್ಟಿದ ಗೋಡೆಯನ್ನು ಅಜ್ಜ ಒಡೆದು ತೆಗೆದರಂತೆ. "ನಡುವೆ ಎಷ್ಟು ವರ್ಷ?" ಎಂದು ಕೇಳಿದೆ. "ಶ್ವೈ ಶ್ವೈ, ನಿಧಾನ, ಮುಹಂದಿಸ್. ಪುಸ್ತಕಕ್ಕೆ ಆತುರ ಇಲ್ಲ," ಎಂದರು. ಮಗ ಇಲ್ಯಾಸ್ ಪಕ್ಕದ ಫಿಂಟಾಸಿನಲ್ಲಿ ಏರ್ ಕಂಡೀಶನರ್ ರಿಪೇರಿ ಮಾಡುತ್ತಿದ್ದ. ಸೂಜಿ ಹಿಡಿಯುವವರಲ್ಲಿ ಅಬು ಇಲ್ಯಾಸರೇ ಕೊನೆಯವರು. ಈ ಪುಸ್ತಕವನ್ನು ಬಿಷಪ್ಪರ ಪತ್ರದೊಂದಿಗೆ, ಪ್ರತಿ ಹಾಳೆ ಎಣಿಸಿ ಸಹಿ ಹಾಕಿ ತಂದಿದ್ದರು. ಮುಗಿಸಿ, ಕೊಂಡೊಯ್ದು, ಎಣಿಸಿ ಒಪ್ಪಿಸಿದರೆ ಅವರ ಮನೆತನದ ಕೆಲಸ ಖಲಾಸ್.

ಅಂಚುಗಳ ಬಣ್ಣ ಉದುರುತ್ತಿತ್ತು. ಪೂರ್ತಿ ಅಳಿಸಿಹೋಗುವ ಮೊದಲು ಪ್ರತಿ ತೆಗೆದಿಡಬೇಕು, ಅವರ ಕೈ ನಡುಗುತ್ತದೆ, ನಾನು ಮಾಡಿಕೊಡಬಹುದೇ ಎಂದು ಕೇಳಿದರು. ಒಂದೇ ಷರತ್ತು: "ತಪ್ಪಿರುವ ಕಡೆ ತಪ್ಪನ್ನೇ ಬರೆ. ಸರಿ ಮಾಡಬೇಡ." ನನ್ನ ಕೈಗೆ ಅದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಅಂಥ ಎಳೆಯ ಹತ್ತಿರ ಬಂದಾಗಲೆಲ್ಲ ಪೆನ್ನು ತಾನಾಗಿಯೇ ಕೆಳಕ್ಕೆ ಎಳೆಯುತ್ತಿತ್ತು.

ಒಂದೂವರೆ ವರ್ಷ, ವಾರಕ್ಕೊಂದು ಹಾಳೆ. ಬುಧವಾರ ಕೊಡುತ್ತಿದ್ದರು, ಗುರುವಾರ ಅರ್ಧ ದಿನ ಮತ್ತು ಶುಕ್ರವಾರದ ರಜೆಯಲ್ಲಿ ಮನೆಯ ಬೋರ್ಡಿನ ಮೇಲೆ ಬರೆದು ಶನಿವಾರ ಹಿಂದಿರುಗಿಸುತ್ತಿದ್ದೆ. ಎರಡು ತೆಳು ಹಲಗೆಗಳ ನಡುವೆ ಹಾಳೆ, ಮೇಲೆ ಬಿಳಿ ಬಟ್ಟೆಯ ಗಂಟು. ಮೊದಲನೆಯ ವಾರ ಇಡೀ ಒಂದು ಶುಕ್ರವಾರ ಹಾಳೆಯನ್ನು ತಲೆಕೆಳಗಾಗಿ ಅಂಟಿಸಿಕೊಂಡು ಬರೆದೆ. ಅಬು ಇಲ್ಯಾಸ್ ಅದನ್ನು ಹಿಡಿದು ನೋಡಿ, ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು.

ಆ ಬಟ್ಟೆಯ ಗಂಟಿನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಹಲಗೆ ಕಟ್ಟಿದ, ಬಟ್ಟೆ ಸುತ್ತಿದ ಒಂದು ಓಲೆಗರಿಯ ಕಟ್ಟು ಇತ್ತು. ಸರಸ್ವತಿ ಪೂಜೆಗೆ ಅದೇ ಎಲ್ಲಕ್ಕಿಂತ ಮೇಲೆ. ಯಾರೂ ಬಿಚ್ಚಿರಲಿಲ್ಲ, ಯಾವುದೋ ದೊಡ್ಡ ಶಾಸ್ತ್ರ ಎಂಬ ನಂಬಿಕೆ. ಹಳೆಯ ಲಿಪಿ ಬಲ್ಲ ಮೇಷ್ಟರೊಬ್ಬರು ಒಮ್ಮೆ ಬಂದವರು ಬಿಚ್ಚಿ ಓದಿದರು. ದನಗಳ ಹೊಟ್ಟೆಯುಬ್ಬರಕ್ಕೆ ಮದ್ದು. ಮುಂದಿನ ಗರಿಯಲ್ಲಿ ಗೊರಸಿನ ಹುಣ್ಣಿಗೆ. ಅಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ದನದ ಹೊಟ್ಟೆಯೂ ತಾಯಿ ಸರಸ್ವತಿಯದೇ" ಎಂದು ಮತ್ತೆ ಸುತ್ತಿ ಮೇಲಿಟ್ಟರು. ಮದುವೆಯಾದ ಹೊಸದರಲ್ಲಿ ಈ ಕಥೆಯನ್ನು ಕಮಲನಿಗೆ ಹೇಳಿ ನಗಿಸಿದ್ದೆ. ನಗಿಸಿದ್ದು ಎಲ್ಲಿಗೆ ಬಂದು ನಿಲ್ಲುತ್ತದೆಂದು ಆಗ ಯಾರಿಗೆ ಗೊತ್ತು?

ಅದು ಕೊನೆಯ ಹಾಳೆಯ ವಾರ. ಅಬು ಇಲ್ಯಾಸರಿಗೆ ನಿವೃತ್ತಿಯಾಗಿ, ಭಾನುವಾರ ಸಂಜೆ ನಾಲ್ಕಕ್ಕೆ ಬಸ್ರಾ ಕಡೆಯ ಟ್ಯಾಕ್ಸಿಯಲ್ಲಿ ಪುಸ್ತಕದೊಂದಿಗೆ ಊರಿಗೆ ಹೊರಡುವವರಿದ್ದರು, ಮತ್ತೆ ಬರುವವರಲ್ಲ. ಗುರುವಾರ ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದರೆ ಒಗ್ಗರಣೆಯ ಜೊತೆ ಕರ್ಪೂರದ ವಾಸನೆ. ಬಟ್ಟೆಯ ಬೀರುವಿನ ಮಧ್ಯದ ಅರೆಯೇ ನಮ್ಮ ದೇವರ ಮನೆ. ಅದರಲ್ಲಿ ಎಲ್ಲಕ್ಕಿಂತ ಕೆಳಗೆ ನಮ್ಮ ಎಂಟು ವರ್ಷದ ಮಗಳು ಸುಮಳ ಲೆಕ್ಕದ ಪುಸ್ತಕ, ಮೂರು ದಿನ ತೆಗೆಯುವ ಹಾಗಿಲ್ಲವೆಂದು ಅವಳೇ ಮೊದಲು ತಂದಿಟ್ಟದ್ದು. ಅದರ ಮೇಲೆ ನನ್ನ ಸ್ಲೈಡ್ ರೂಲು, ಕಮಲನ ಹಾಡಿನ ನೋಟ್‌ಬುಕ್ಕು. ಎಲ್ಲದರ ಮೇಲೆ, ಗಂಟು ಬಿಚ್ಚಿ, ಹಲಗೆ ತೆರೆದು, ಅಬು ಇಲ್ಯಾಸರ ಹಾಳೆ. ಮೇಲಿನ ಖಾಲಿ ಜಾಗದಲ್ಲಿ ಹೆಬ್ಬೆಟ್ಟಿನಷ್ಟು ಒದ್ದೆ ಅರಿಶಿನ, ನಡುವೆ ಕುಂಕುಮ, ಪಕ್ಕದಲ್ಲಿ ಎರಡು ಹೂವು.

ನಾನು ಬೀರುವಿನ ಮುಂದೆಯೇ ನಿಂತು ಕೂಗಿದೆ. "ಕಮಲಾ, ಅದನ್ನ ಯಾಕೆ ಬಿಚ್ಚಿದೆ?"

"ಬಿಚ್ಚದೆ ನಿಮ್ಮನೆಯವರ ಹಾಗೆ ಗಂಟಿಗೇ ಪೂಜೆ ಮಾಡ್ಲಾ? ದನದ ಔಷಧಿ ಕಥೆ ಆಗೋದು ಬೇಡ ಅಂತ ಬಿಚ್ಚಿ ನೋಡೇ ಇಟ್ಟೆ. ಎಷ್ಟು ಲಕ್ಷಣವಾಗಿದೆ ನೋಡಿ!"

"ಇಟ್ಸ್ ದ ಓಲ್ಡೆಸ್ಟ್ ಬುಕ್ ಇನ್ ದ ಹೌಸ್, ಅಪ್ಪಾ," ಎಂದಳು ಸುಮ.

"ತೆಗೆದುಕೊಡು. ಅದು ನಮ್ಮದಲ್ಲ. ಅವರ ದೇವಸ್ಥಾನದ್ದು, ಶನಿವಾರ ವಾಪಸ್ ಕೊಡಬೇಕು."

"ಆಗಲ್ಲಾರೀ. ಆವಾಹನೆ ಆಗೋಗಿದೆ. ಇನ್ನು ಭಾನುವಾರ ವಿಜಯದಶಮಿಗೇ. ಯಾರದಾದ್ರೇನು, ಪುಸ್ತಕ ತಾನೆ?"

"ಅದು ಕಾಗದ ಅಲ್ಲ ಕಣೇ. ಕುರಿ ಚರ್ಮ."

ಕಮಲ ಬೀರುವನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು, ಅಡುಗೆಮನೆಗೆ ಹೋದಳು. ಅರ್ಧ ಗಂಟೆ ಪಾತ್ರೆಗಳ ಸದ್ದು. ಆಮೇಲೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಮೃದಂಗಕ್ಕೆ ಏನು ಹಾಕಿರ್ತಾರೆ? ಅದನ್ನ ದೇವರ ಮುಂದೆ ನುಡಿಸಲ್ವಾ? ಋಷಿಗಳು ಯಾವುದರ ಮೇಲೆ ಕೂತು ಜಪ ಮಾಡ್ತಿದ್ರು? ಹಾಳೆ ಅಲ್ಲೇ ಇರತ್ತೆ."

ನಾನೇ ಎತ್ತಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಒದ್ದೆ ಅರಿಶಿನ ಉಜ್ಜಿದರೆ ಹರಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸತ್ಯ ಹೇಳಬೇಕೆಂದರೆ ಹೆದರಿದ್ದೆ. ಸರಸ್ವತಿಗೆ ಸ್ವಲ್ಪ, ಕಮಲನಿಗೆ ಹೆಚ್ಚು. ಇಬ್ಬರಿಗಿಂತ ಹೆಚ್ಚಾಗಿ ಅಬು ಇಲ್ಯಾಸರ ಮುಖಕ್ಕೆ. ಅಷ್ಟು ತಲೆಮಾರು ಕಾಯ್ದುಕೊಂಡು ಬಂದದ್ದು ಕೊನೆಯ ಹಾಳೆಯಲ್ಲಿ, ನನ್ನ ಮನೆಯಲ್ಲಿ ಕೆಟ್ಟಿತಲ್ಲ ಎಂದು ಶುಕ್ರವಾರವಿಡೀ ಅನ್ನ ಸೇರಲಿಲ್ಲ.

ಶನಿವಾರ ಬರಿಗೈಯಲ್ಲಿ ಬೈಂಡಿಂಗ್ ಕೋಣೆಗೆ ಹೋದೆ. ಪುಸ್ತಕ ಹೊಲಿದು ಸಿದ್ಧವಾಗಿತ್ತು, ಒಂದು ಹಾಳೆಯ ಜಾಗದಲ್ಲಿ ಮಾತ್ರ ದಾರ ಜೋತುಬಿದ್ದಿತ್ತು.

"ಹರಿಯಿತಾ?" ಎಂದು ಕೇಳಿದರು ಅಬು ಇಲ್ಯಾಸ್. ನನ್ನ ಮುಖವೇ ಹೇಳಿರಬೇಕು.

"ಇಲ್ಲ."

"ಸುಟ್ಟಿತಾ?"

"ಇಲ್ಲ. ಬಣ್ಣ ಬಿದ್ದಿದೆ. ನನ್ನ ಹೆಂಡತಿ..." ಎಂದು ಎಲ್ಲವನ್ನೂ ಹೇಳಿದೆ. ಪೂಜೆ, ಮೂರು ದಿನ ಮುಟ್ಟದಿರುವುದು, ಅರಿಶಿನ ಕುಂಕುಮ. ನನ್ನ ಹರಕು ಇಂಗ್ಲಿಷಿನಲ್ಲಿ ಅದು ನನಗೇ ಹುಚ್ಚರ ಮಾತಿನಂತೆ ಕೇಳಿಸಿತು. ಅವರು ಜೋತುಬಿದ್ದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತರು. ಕಡೆಗೆ ಎದ್ದು ಕೋಟು ಹಾಕಿಕೊಂಡು, "ಯಲ್ಲಾ, ನಡಿ, ನೋಡೋಣ," ಎಂದರು.

ಅವರ ಹಳೆಯ ಕಾರಿನಲ್ಲಿ ಮನೆಗೆ ಬಂದೆವು. ಯಾರೂ ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚಿದರು. ಕಮಲ ಕಾಫಿ ಲೋಟ ಹಿಡಿದು, ತನಗೆ ಬರುವ ಎರಡೂವರೆ ಹಿಂದಿಯಲ್ಲಿ, "ಮಾಫ್ ಕರೋ ಭಾಯಿಸಾಬ್," ಎಂದು ಗೋಡೆಗೆ ಒತ್ತಿ ನಿಂತಳು. ಅಬು ಇಲ್ಯಾಸ್ ಬೀರುವಿನ ಮುಂದೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಮುಟ್ಟದೆ ಬಹಳ ಹೊತ್ತು ನೋಡಿದರು. ಹೂವುಗಳನ್ನೂ ನೋಡಿದರು.

"ಈಗಲೇ ತೆಗೆದುಕೊಳ್ಳಿ, ಅವಳು ಏನೂ ಅನ್ನುವುದಿಲ್ಲ," ಎಂದೆ ನಾನು. ಕಮಲನ ಕಣ್ಣು ತುಂಬಿತ್ತು, ಆದರೆ ಅವಳು ನಿಜವಾಗಿಯೂ ಏನೂ ಅನ್ನಲಿಲ್ಲ.

"ಅವರ ಪ್ರಾರ್ಥನೆ ಮುಗಿಯುವುದು ಯಾವಾಗ?"

"ನಾಳೆ ಬೆಳಿಗ್ಗೆ."

"ನನ್ನ ಟ್ಯಾಕ್ಸಿ ನಾಲ್ಕಕ್ಕೆ. ಹೊಲಿಯಲು ಎರಡು ಗಂಟೆ ಸಾಕು." ಕಾಫಿ ಲೋಟ ತೆಗೆದುಕೊಂಡರು. "ನಮ್ಮಲ್ಲೂ ಬಲಿಪೀಠದ ಮೇಲಿಟ್ಟ ಪುಸ್ತಕವನ್ನು ಪ್ರಾರ್ಥನೆಯ ನಡುವೆ ಯಾರೂ ಎತ್ತಿಕೊಂಡು ಹೋಗುವುದಿಲ್ಲ, ಮುಹಂದಿಸ್. ನಿನಗೆ ಅಷ್ಟೂ ಗೊತ್ತಿಲ್ಲವೇ?"

ಮಾರನೆಯ ದಿನ ನಾನು ಆಫೀಸಿಗೆ ರಜೆ ಹಾಕಿದೆ. ಕಮಲ ಪೂಜೆ ಮುಗಿಸಿ ಹಾಳೆಯನ್ನು ತಾನೇ ಎತ್ತಿ, ಪುಸ್ತಕದೊಂದಿಗೆ ಬಂದಿದ್ದ ಅವರಿಗೆ ಎರಡೂ ಕೈಯಲ್ಲಿ ಕೊಟ್ಟಳು. ಅಬು ಇಲ್ಯಾಸ್ ಜೇಬಿನಿಂದ ರೊಟ್ಟಿ ತೆಗೆದು, ಒಳಗಿನ ಮೆತ್ತನೆಯ ಭಾಗವನ್ನು ಉಂಡೆ ಮಾಡಿ, ಕಲೆಯ ಮೇಲೆ ಮೆಲ್ಲಗೆ ಉರುಳಿಸಿದರು. ಕುಂಕುಮದ ಪುಡಿ ರೊಟ್ಟಿಗೆ ಅಂಟಿ ಬಂತು. ಒಂದೆರಡು ಉಂಡೆಗಳಾದ ಮೇಲೆ ನಿಲ್ಲಿಸಿದರು. ಹಳದಿ ಉಳಿಯಿತು, ನಡುವೆ ತೆಳುಗೆಂಪು. ಚರ್ಮ ಅದನ್ನು ಕುಡಿದುಬಿಟ್ಟಿತ್ತು.

ನಮ್ಮ ಊಟದ ಮೇಜಿನ ಮೇಲೆಯೇ ಹಾಳೆಯನ್ನು ಸೇರಿಸಿ ಹೊಲಿದರು. ಈ ಎಲುಬಿನ ಪಟ್ಟಿಯಿಂದ ಮಡಿಕೆಯನ್ನು ಒತ್ತಿದರು. ಆಮೇಲೆ ಪುಸ್ತಕವನ್ನು ಕಮಲನ ಕಡೆ ತಿರುಗಿಸಿ ಒಂದು ಪುಟ ತೋರಿಸಿದರು. ಮೂಲೆಯಲ್ಲಿ ಅಂಗೈಯಗಲ ಕಪ್ಪಾಗಿ, ಅಕ್ಷರಗಳೇ ಸವೆದುಹೋಗಿದ್ದವು. "ಇದು ಜನ ಮುತ್ತಿಟ್ಟದ್ದು," ಎಂದರು. ಇನ್ನೊಂದು ಕಡೆ ಮೇಣದ ಬೊಟ್ಟು. ಮತ್ತೊಂದು ಕಡೆ ಎಣ್ಣೆಯ ಕಲೆ. ಕೊನೆಯ ಪುಟಗಳಲ್ಲಿ ಬೇರೆ ಬೇರೆ ಕೈಗಳ ಸಣ್ಣ ಸಾಲುಗಳಿದ್ದವು. ಬರೆದವನು, ಹೊಲಿದವನು, ದೀಪ ಒಯ್ಯಬಾರದ ಕೋಣೆಗೆ ಕದ್ದು ದೀಪ ಒಯ್ದು ಎಣ್ಣೆ ಚೆಲ್ಲಿದವನು, ಪ್ರತಿಯೊಬ್ಬರೂ ಹೆಸರು ಬರೆದು, ನನಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡಿದ್ದರಂತೆ.

"ಯಾರ ಕೈಯಿಂದ ಆಯಿತೋ ಅವರೇ ಬರೆಯಬೇಕು. ಅದು ನಮ್ಮ ಕೋಣೆಯ ಪದ್ಧತಿ." ಹೊಸದಾಗಿ ಸೇರಿಸಿದ ಕೊನೆಯ ಕಾಗದದ ಹಾಳೆಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟರು.

"ಅಯ್ಯೋ, ನನ್ನ ಅಕ್ಷರ ಕಾಗೆ ಕಾಲು. ನೀವೇ ಬರೀರಿ," ಎಂದು ಕಮಲ ನನ್ನ ಕಡೆ ತಳ್ಳಿದಳು. ಅಬು ಇಲ್ಯಾಸ್ ಮತ್ತೆ ಅವಳ ಕಡೆ ತಳ್ಳಿದರು.

"ಅಮ್ಮಾ, ಟುಡೇ ಯು ಹ್ಯಾವ್ ಟು ರೈಟ್ ಸಮ್‌ಥಿಂಗ್. ಯು ಓನ್ಲಿ ಟೋಲ್ಡ್ ಮಿ," ಎಂದಳು ಸುಮ. ನಿಜವೇ. ವಿಜಯದಶಮಿಯ ದಿನ ಪೂಜೆಯ ಪುಸ್ತಕ ತೆಗೆದು ಒಂದು ಸಾಲಾದರೂ ಓದಬೇಕು, ಒಂದು ಸಾಲಾದರೂ ಬರೆಯಬೇಕು.

ಕಮಲ ಸೆರಗಿಗೆ ಕೈ ಒರೆಸಿಕೊಂಡು ಕುಳಿತಳು. ಮೇಲೆ ಚಿಕ್ಕದಾಗಿ ಶ್ರೀ ಹಾಕಿದಳು. 'ಈ ಪುಸ್ತಕದ ಒಂದು ಹಾಳೆಗೆ ಅರಿಶಿನ ಕುಂಕುಮ ಹಚ್ಚಿದವಳು ನಾನು, ಕಮಲ. ದೇವರ ಪುಸ್ತಕ ಎಂದು ಹಚ್ಚಿದೆ. ತಪ್ಪಾಗಿದ್ದರೆ ಓದಿದವರು ಕ್ಷಮಿಸಿ. ಇವತ್ತು ವಿಜಯದಶಮಿ.' ಸಾಲು ಬಲಗಡೆಗೆ ಹೋಗುತ್ತ ಮೇಲೇರಿತ್ತು. ನನ್ನ ಕೈ ತಿದ್ದಲು ತುರಿಸಿತು, ಜೇಬಿನಲ್ಲಿಟ್ಟುಕೊಂಡೆ. ನಾನು ಅರ್ಥ ಹೇಳಿದೆ, ಅಬು ಇಲ್ಯಾಸ್ ಅದರ ಕೆಳಗೆ ತಮ್ಮ ಲಿಪಿಯಲ್ಲಿ ಬರೆದರು. ನೋಡಿ ಸ್ವಾಮಿ ನ್ಯಾಯ. ಒಂದೂವರೆ ವರ್ಷ ಕಣ್ಣು ಕೆಡಿಸಿಕೊಂಡು ಗೆರೆ ಎಳೆದವನ ಹೆಸರು ಆ ಗ್ರಂಥಾಲಯದಲ್ಲಿ ಎಲ್ಲೂ ಇಲ್ಲ. ಒಂದು ಬೊಟ್ಟು ಇಟ್ಟವಳ ಹೆಸರಿದೆ.

ಹೊರಡುವಾಗ ಎಲುಬಿನ ಪಟ್ಟಿಯನ್ನು ಕಮಲನ ಕೈಗೆ ಕೊಟ್ಟರು. ತಮಗಿನ್ನು ಬೇಡ ಎಂದರು. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಅದು ಏನೆಂದು ಹೇಳಲು ನನಗೆ ಒಂದು ವಾರ ಧೈರ್ಯ ಬರಲಿಲ್ಲ. ಹೇಳಿದ ದಿನ, "ಯಾವ ಪ್ರಾಣಿದು?" ಎಂದಳು. ಕೇಳಲಿಲ್ಲ ಎಂದೆ. "ಒಳ್ಳೇದಾಯ್ತು," ಎಂದು ಹುಣಸೆಹಣ್ಣಿನ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಳು. ಮುಂದಿನ ವರ್ಷ ನೋಡಿದರೆ ಪೂಜೆಯಲ್ಲಿತ್ತು.

ಅಬು ಇಲ್ಯಾಸರಿಂದ ಒಂದೇ ಒಂದು ಕಾಗದ ಬಂತು. ಹಾಳೆ ಎಣಿಸಿದರು, ಸರಿಯಿದೆ ಎಂದಷ್ಟೇ ಇತ್ತು. ಆಮೇಲೆ ಯುದ್ಧ, ಆಮೇಲೆ ಇನ್ನೊಂದು. ನಾವು ಊರಿಗೆ ಬಂದು ನೆಲೆಸಿದೆವು. ಆ ಕಡೆಯ ಸುದ್ದಿ ಟೀವಿಯಲ್ಲಿ ಬಂದಾಗಲೆಲ್ಲ, ಉರುಳಿದ ಗೋಡೆ, ಸುಟ್ಟ ಮರ, ನಾನು ಚಾನೆಲ್ ಬದಲಿಸುತ್ತಿದ್ದೆ. ಅವರಿದ್ದಾರೋ ಇಲ್ಲವೋ, ಆ ಇಕ್ಕಟ್ಟಿನ ಮೆಟ್ಟಿಲು ಉಳಿದಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಈಗಲೂ ನೋಯಿಸುತ್ತದೆ.

ಇವತ್ತು ಬೆಳಿಗ್ಗೆ ಪಟ್ಟಿಗೆ ಕುಂಕುಮ ಹಚ್ಚುತ್ತಿದ್ದವಳನ್ನು ಕೇಳಿಯೇಬಿಟ್ಟೆ. "ಆ ಪುಸ್ತಕ ಉಳಿದಿರತ್ತೇನೇ?"

ಕಮಲ ತಿರುಗಿ ನೋಡಲೂ ಇಲ್ಲ. "ಗೋಡೆ ಒಳಗೆ ಇಟ್ಟು ಕಟ್ಟಿರ್ತಾರೆ ಬಿಡಿ. ಪೂಜೆಗಿಟ್ಟ ಹಾಗೇ ಅಲ್ವಾ ಅದೂ? ಅವರ ವಿಜಯದಶಮಿ ಇನ್ನೂ ಬಂದಿಲ್ಲ, ಅಷ್ಟೇ."

ಮೇಜಿನ ಮೇಲೆ ಎರಡು ಕಾಗದಗಳು ಬಂದು ಬಿದ್ದಿವೆ. ಹರಿಯಲು ಬೆರಳು ತೂರಿಸಿದವನು ಹಾಗೆಯೇ ಕೆಳಗಿಟ್ಟೆ. ಮೂರು ದಿನ ತಾನೆ, ಕಾಯುತ್ತೇನೆ.